ಕಾಶಿಗೆ ಎರಡು ಗಂಟೆ ಐದು ನಿಮಿಷ

ಹೊರಡುವ ಹಿಂದಿನ ವಾರ

ಟಿಕೆಟ್ ತೆಗೆಯುವಾಗಲೇ ಚರ್ಚೆ ಶುರುವಾಗಿತ್ತು. ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನವೂ ಇದೆ, ದೆಹಲಿಯಲ್ಲಿ ಇಳಿದು ಹತ್ತುವುದೂ ಇದೆ. ದೆಹಲಿ ಮೇಲಿನದು ತಲೆಗೆ ಕೆಲವು ನೂರು ರೂಪಾಯಿ ಅಗ್ಗ. ನನ್ನ ಗಂಡ ಅದನ್ನೇ ತೆಗೆಯೋಣ ಅಂದರು. ಅವರಿಗೇನು, ರಜೆ ಸಿಗದೆ ಮನೆಯಲ್ಲೇ ಉಳಿಯುವವರು. ಮಾವನವರು ಮಾತಾಡಲಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಬಾಯಿ ತೆರೆಯುವ ಮೊದಲು ಕಾಗದ ಹುಡುಕುತ್ತಾರೆ. ಕ್ಯಾಲೆಂಡರಿನ ಕಳೆದ ತಿಂಗಳ ಹಾಳೆ ಹರಿದು ಬೆನ್ನಿಗೆ ಬರೆಯತೊಡಗಿದರು.

ಲೆಕ್ಕ ಸರಳವೇ. ಭೂಮಿಯ ಮೇಲೆ ನೇರ ಉತ್ತರಕ್ಕೆ ಒಂದು ಡಿಗ್ರಿ ಸರಿದರೆ ಸುಮಾರು 111 ಕಿ.ಮೀ. ದೇವನಹಳ್ಳಿಯ ನಮ್ಮ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಅಕ್ಷಾಂಶದಲ್ಲಿ, ವಾರಾಣಸಿಯ ಬಾಬತ್‌ಪುರ ನಿಲ್ದಾಣ 25.45ರಲ್ಲಿ. ನಡುವೆ ಹನ್ನೆರಡೂಕಾಲು ಡಿಗ್ರಿ, ಅಂದರೆ 1,360 ಕಿ.ಮೀ. ಇನ್ನು ಪೂರ್ವಕ್ಕೆ ಎಷ್ಟು ಸರಿಯಬೇಕು? ರೇಖಾಂಶಗಳ ಅಂತರ 5.15 ಡಿಗ್ರಿ. ರೇಖಾಂಶದ ಡಿಗ್ರಿ ಮಾತ್ರ ಎಲ್ಲ ಕಡೆ ಒಂದೇ ಅಗಲ ಇರುವುದಿಲ್ಲ; ಸಮಭಾಜಕದಿಂದ ಮೇಲೆ ಹೋದಂತೆ ಕಿರಿದಾಗುತ್ತಾ ಹೋಗುತ್ತದೆ. ನಮ್ಮ ದಾರಿಯ ನಡುಮಧ್ಯೆ ಅದು ಸುಮಾರು 105 ಕಿ.ಮೀ. ಹಾಗಾಗಿ ಪೂರ್ವಕ್ಕೆ 541. ಮಿಕ್ಕಿದ್ದು ಪೈಥಾಗರಸ್‌ನ ಕೆಲಸ: 1,464.

ನಾನು ಫೋನಿನಲ್ಲಿ ನೋಡಿದೆ. 1,465 ಅಂತಿತ್ತು.

"ಆ ಒಂದು ಕಿಲೋಮೀಟರು ನನ್ನ ತಪ್ಪಲ್ಲಮ್ಮ, ಕಾಗದದ್ದು. ಭೂಮಿ ಉಂಡೆ, ಕಾಗದ ಚಪ್ಪಟೆ" ಅಂದರು ಮಾವ.

ಆಮೇಲೆ ದೆಹಲಿಯ ಲೆಕ್ಕ. ಬೆಂಗಳೂರು–ದೆಹಲಿ ಸುಮಾರು 1,710, ಅಲ್ಲಿಂದ ವಾಪಸ್ಸು ಆಗ್ನೇಯಕ್ಕೆ ತಿರುಗಿ ವಾರಾಣಸಿಗೆ 670. ಕೂಡಿದರೆ 2,380. ಕಾಶಿಯನ್ನು ದಾಟಿ ಮೇಲೆ ಹೋಗಿ, ಮತ್ತೆ ಇಳಿದು ಬರುವುದಕ್ಕೆ 900 ಕಿ.ಮೀ. ಹೆಚ್ಚುವರಿ, ನಡುವೆ ದೆಹಲಿಯ ನಿಲ್ದಾಣದಲ್ಲಿ ಮೂರ್ನಾಲ್ಕು ಗಂಟೆ ಕಾಯುವುದು ಬೇರೆ. ನೇರ ವಿಮಾನವೇ ಗೆದ್ದಿತು. ಎಪ್ಪತ್ತು ದಾಟಿದವರನ್ನು ಕರೆದುಕೊಂಡು ಹೋಗುವವರು ಯಾರೇ ಆಗಲಿ, ಆ ಕೆಲವು ನೂರರ ಆಸೆಗೆ ಬೀಳಬೇಡಿ.

ಆದರೆ ಬರುವಾಗ ರೈಲು. ಅದು ಮಾವನವರ ಷರತ್ತು. "ಹೋಗೋದು ನಿಮ್ಮಿಷ್ಟ, ಬರೋದು ನನ್ನಿಷ್ಟ. ಮಧ್ಯೆ ಏನಿದೆ ಅಂತ ನೋಡಬೇಡವಾ?" ಅತ್ತೆ ಹಣೆ ಚಚ್ಚಿಕೊಂಡರು, ಒಪ್ಪಿದರು.

ಮೊಮ್ಮಗನ ಶಾಲೆಯ ಅಟ್ಲಾಸ್ ತೆಗೆದು, ಬೆಂಗಳೂರಿನಿಂದ ಕಾಶಿಗೆ ಸ್ಕೇಲಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದದ್ದೂ ಅವರೇ. ಗೆರೆ ನಂದ್ಯಾಲ, ನಲ್ಗೊಂಡ, ವಾರಂಗಲ್ ಪಕ್ಕ ಹಾದು, ಕಾಳೇಶ್ವರದ ಹತ್ತಿರ ಗೋದಾವರಿ ದಾಟಿ, ಗಡಚಿರೋಲಿಯ ಕಾಡು, ಭಿಲಾಯಿಯ ಉಕ್ಕಿನ ಕಾರ್ಖಾನೆ, ಅಲ್ಲಿಂದ ಹೆಚ್ಚುಕಡಿಮೆ ಸರಿಯಾಗಿ ಅಮರಕಂಟಕದ ನೆತ್ತಿಯ ಮೇಲೆ ಹೋಯಿತು. ಅಮರಕಂಟಕ ಅಂದರೆ ನರ್ಮದೆ ಹುಟ್ಟುವ ಜಾಗ. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದ್ದು ಆಗಲೇ. ದಿನಾ ತಲೆಯ ಮೇಲೆ ಮೊದಲ ಚೊಂಬು ನೀರು ಸುರಿದುಕೊಳ್ಳುವಾಗ ಅವರು ಏಳು ನದಿಗಳನ್ನು ಕರೆಯುತ್ತಾರೆ. ಕಾವೇರಿ ನಲ್ಲಿಯಲ್ಲೇ ಬರುತ್ತಾಳೆ, ಬೆಂಗಳೂರಿಗೆ ಕುಡಿಯಲು ಅವಳೇ ಗತಿ. ಗೋದಾವರಿ, ನರ್ಮದೆ, ಗಂಗೆ ಮೂರೂ ಈ ಒಂದು ಪೆನ್ಸಿಲ್ ಗೆರೆಯ ಮೇಲೆ. ಲೆಕ್ಕಕ್ಕಿಲ್ಲದ ಪೆನ್ನೆ, ಕೃಷ್ಣೆ, ಸೋನ್ ನದಿಗಳು ಹೆಚ್ಚಿಗೆ.

"ಕಿಟಕಿ ಸೀಟು ನನಗೆ" ಅಂದರು ಅತ್ತೆ.

ಮೊದಲ ದಿನ: ಬನಶಂಕರಿಯಿಂದ ಗೊದೌಲಿಯಾ

ನವೆಂಬರ್ ಕೊನೆಯ ವಾರ. ಹತ್ತೂವರೆಯ ವಿಮಾನಕ್ಕೆ ಬೆಳಿಗ್ಗೆ ಆರೂಕಾಲಿಗೆ ಮನೆ ಬಿಟ್ಟೆವು. ಹೊರಗಿನ ಊರಿನವರಿಗೆ ಇದು ತಮಾಷೆಯಾಗಿ ಕಾಣಬಹುದು. 2008ರ ಮೇ ತಿಂಗಳಿನವರೆಗೆ ಎಚ್‌ಎಎಲ್ ನಿಲ್ದಾಣ ಇದ್ದಾಗ ಮನೆಯಿಂದ ವಿಮಾನಕ್ಕೆ ಆಟೋದಲ್ಲಿ ಹೋಗುತ್ತಿದ್ದ ಊರು ಇದು. ಈಗ ದಕ್ಷಿಣ ಬೆಂಗಳೂರಿನವರ ಪಾಲಿಗೆ ನಿಲ್ದಾಣಕ್ಕೆ ಹೋಗುವುದೇ ಒಂದು ಪ್ರವಾಸ. ಬನಶಂಕರಿ ಬಸ್ ನಿಲ್ದಾಣದಿಂದ ಕೆಐಎ–5 ವಾಯುವಜ್ರ ಹತ್ತಿದೆವು. ಕ್ಯಾಬ್‌ಗಿಂತ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ: ಸಾಮಾನಿಡಲು ಜಾಗವಿದೆ, ಕೊನೇ ಗಳಿಗೆಯಲ್ಲಿ ಡ್ರೈವರ್ ಕ್ಯಾನ್ಸಲ್ ಮಾಡುವ ಭಯವಿಲ್ಲ.

ಹೆಬ್ಬಾಳ ದಾಟಿದ ಮೇಲೆ ಮಾವನವರು ಹೊರಗಿನ ರಸ್ತೆ ತೋರಿಸಿ ಒಂದು ಮಾತು ಹೇಳಿದರು. ನಾನು ಅದನ್ನು ಆವರೆಗೆ ಯೋಚಿಸಿಯೇ ಇರಲಿಲ್ಲ. ಈ ಬಳ್ಳಾರಿ ರಸ್ತೆ ಇದೆಯಲ್ಲ, ಈಗ ರಾಷ್ಟ್ರೀಯ ಹೆದ್ದಾರಿ 44, ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋಗುವುದು. ಹೆದ್ದಾರಿಗಳ ನಂಬರು ಬದಲಾಗುವ ಮುಂಚೆ ಇದು ಏಳನೇ ನಂಬರು. ಆ ಏಳು ಹೋಗುತ್ತಿದ್ದದ್ದು ಕನ್ಯಾಕುಮಾರಿಯಿಂದ ಕಾಶಿಗೆ. 2,369 ಕಿ.ಮೀ., ಆ ಕಾಲಕ್ಕೆ ದೇಶದ ಅತಿ ಉದ್ದದ ಹೆದ್ದಾರಿ. ಹೈದರಾಬಾದ್, ನಾಗಪುರ, ಜಬಲ್‌ಪುರ, ರೀವಾ, ಮಿರ್ಜಾಪುರ ಮೂಲಕ. ಅಂದರೆ ನಮ್ಮ ಬಸ್ಸು ಎಡಬಲ ತಿರುಗದೆ ಸುಮ್ಮನೆ ಹೋಗುತ್ತಲೇ ಇದ್ದಿದ್ದರೆ ಸುಮಾರು 1,700 ಕಿ.ಮೀ. ಆಚೆ ವಿಶ್ವನಾಥನ ಊರಿಗೇ ತಲುಪುತ್ತಿತ್ತು. ಅದು ಸಾದಹಳ್ಳಿ ಟೋಲ್ ದಾಟಿ ಬಲಕ್ಕೆ ಹೊರಳಿಕೊಂಡಿತು.

"ನಾನು ಒಂದ್ಸಲ ಕಾಶಿಗೆ ಹೊರಟಿದ್ದೆ ಕಣಮ್ಮ" ಅಂದರು ಮಾವ. "ಛತ್ರಿ, ಬೆತ್ತ, ಹೊಸ ಚಪ್ಪಲಿ, ಹೆಗಲ ಮೇಲೆ ಗಂಟು, ಎಲ್ಲಾ ಇತ್ತು. ಛತ್ರದ ಬಾಗಿಲು ದಾಟೋದ್ರೊಳಗೆ ನಿಮ್ಮತ್ತೆಯ ಅಪ್ಪ ಬಂದು ಕೈಹಿಡಿದು, ಹೋಗಬೇಡಿ, ಮಗಳನ್ನು ಕೊಡ್ತೀನಿ ಅಂದ್ಬಿಟ್ಟರು."

"ಅವತ್ತೇ ಬಿಟ್ಟುಬಿಡಬೇಕಿತ್ತು ನಮ್ಮಪ್ಪ" ಅಂದರು ಅತ್ತೆ, ಕಿಟಕಿಯಿಂದ ಮುಖ ತಿರುಗಿಸದೆ.

ನಿಲ್ದಾಣದಲ್ಲಿ 108 ಅಡಿಯ ಕೆಂಪೇಗೌಡರಿಗೆ ಬಸ್ಸಿನಿಂದಲೇ ಕೈಮುಗಿದು ಒಳಗೆ ಹೋದೆವು. ಸಾಲು, ತಪಾಸಣೆ, ಮತ್ತೆ ಸಾಲು. ಹಿರಿಯರಿಗೆ ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಹೇಳಿಡುವುದು ಒಳ್ಳೆಯದು. ಅತ್ತೆಯ ಮಂಡಿಗೆ ಅದು ದೊಡ್ಡ ಉಪಕಾರವಾಯಿತು.

ಟಿಕೆಟ್ಟಿನಲ್ಲಿ ಎರಡು ಗಂಟೆ ಇಪ್ಪತ್ತೈದು ನಿಮಿಷ ಅಂತ ಇತ್ತು. ಅದು ಹಾರುವ ಸಮಯವಲ್ಲ. ವಿಮಾನ ಈ ನಿಲ್ದಾಣದಲ್ಲಿ ನಿಂತಲ್ಲಿಂದ ಕದಲಿದ ಗಳಿಗೆಯಿಂದ ಆ ನಿಲ್ದಾಣದಲ್ಲಿ ಚಕ್ರಕ್ಕೆ ಅಡ್ಡ ಕಟ್ಟೆ ಇಡುವವರೆಗಿನ ಲೆಕ್ಕ. ಹಿಂದಕ್ಕೆ ತಳ್ಳುವುದು, ರನ್‌ವೇವರೆಗೆ ತೆವಳುವುದು, ಮುಂದಿರುವ ವಿಮಾನಗಳ ಹಿಂದೆ ಕಾಯುವುದು ಎಲ್ಲ ಅದರೊಳಗೆ. ಮಾವ ಕೈಗಡಿಯಾರ ಹಿಡಿದು ಕೂತಿದ್ದರು. ಚಕ್ರ ನೆಲ ಬಿಟ್ಟಾಗ ಹತ್ತು ಐವತ್ತು.

ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಗಾಳಿಗೆ ಎದುರಾಗಿ ಏರಬೇಕು ಅನ್ನುವುದು ನಿಯಮ, ನವೆಂಬರಿನಲ್ಲಿ ಗಾಳಿ ಈಶಾನ್ಯದ್ದು. ಹಾಗಾಗಿ ಪೂರ್ವಕ್ಕೆ ಏರಿ, ಆಮೇಲೆ ಎಡಕ್ಕೆ ಹೊರಳಿ ಉತ್ತರ ಹಿಡಿದೆವು. ಅಟ್ಲಾಸಿನ ಗೆರೆಯನ್ನು ವಿಮಾನ ಅಚ್ಚುಕಟ್ಟಾಗಿ ಪಾಲಿಸುವುದಿಲ್ಲ, ಆಕಾಶದಲ್ಲೂ ಗೊತ್ತು ಮಾಡಿದ ದಾರಿಗಳಿವೆ. ಆದರೂ ದೊಡ್ಡದಾಗಿ ತಪ್ಪಿಸುವುದೂ ಇಲ್ಲ. ಇಪ್ಪತ್ತೈದು ನಿಮಿಷದ ಹೊತ್ತಿಗೆ 36,000 ಅಡಿ, ಗಂಟೆಗೆ 830 ಕಿ.ಮೀ. ಆಸುಪಾಸಿನ ವೇಗ ಅಂತ ಪೈಲಟ್ ಹೇಳಿದರು.

ಕೃಷ್ಣೆ ಮೊದಲು ಸಿಕ್ಕಳು. ಶ್ರೀಶೈಲದ ಹಿನ್ನೀರು ನಲ್ಲಮಲದ ಕಣಿವೆಗಳೊಳಗೆ ಕೈಕಾಲು ಚಾಚಿಕೊಂಡು, ಅದರಾಚೆ ನಾಗಾರ್ಜುನಸಾಗರ. ಮಳೆಗಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲ, ನೀರು ತುಂಬಿತ್ತು. ಅತ್ತೆ ಕೈಮುಗಿದರು. ಮತ್ತೆ ಇಪ್ಪತ್ತೈದು ನಿಮಿಷಕ್ಕೆ ಗೋದಾವರಿ. ನೀರಿಗಿಂತ ಮರಳೇ ಅಗಲ. ಅಲ್ಲೂ ಕೈಮುಗಿದರು. ಕೃಷ್ಣೆಯಿಂದ ಗೋದಾವರಿಗೆ ಇಪ್ಪತ್ತೈದು ನಿಮಿಷ! ಬನಶಂಕರಿಯಿಂದ ಕಾರ್ಪೊರೇಷನ್ ಸರ್ಕಲ್ಲಿಗೆ ಅದಕ್ಕಿಂತ ಹೆಚ್ಚು ಬೇಕು. ಆಮೇಲೆ ಬಹಳ ಹೊತ್ತು ಬರೀ ಕಾಡು, ಊರಿನ ಸುಳಿವೇ ಇಲ್ಲದಂಥ ಕಾಡು, ಅಲ್ಲಲ್ಲಿ ಒಂದು ಕೆಂಪು ದಾರಿ. ಕರ್ನಾಟಕದ ಮೇಲೆ ನಾವು ಹಾರಿದ್ದು ಎಷ್ಟು ಕಡಿಮೆ ಅಂತ ಆಗ ಹೊಳೆಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ಆಕಾಶ ಮುಗಿಯುವಷ್ಟರಲ್ಲಿ ಆಂಧ್ರ.

ಅಮರಕಂಟಕದ ಹೊತ್ತಿಗೆ ಅತ್ತೆ ನಿದ್ದೆ ಹೋಗಿದ್ದರು. ಎಬ್ಬಿಸಲೇ ಅಂತ ಮಾವನವರನ್ನು ಕೇಳಿದೆ. ಅವರು ಕೆಳಗೆ ಇಣುಕಿ ನೋಡಿ, "ಹುಟ್ಟೋ ಜಾಗದಲ್ಲಿ ನರ್ಮದೆ ಒಂದು ಕುಂಡದಷ್ಟೇ ಇರೋದು, ಇಲ್ಲಿಂದ ಕಾಣಲ್ಲ. ರೈಲಲ್ಲಿ ತೋರಿಸೋಣ" ಅಂದರು. ಸ್ವಲ್ಪ ಹೊತ್ತಿಗೆಲ್ಲ ಇಂಜಿನ್ನಿನ ಸದ್ದು ತಗ್ಗಿತು. ಇಳಿಯುವ ಕೆಲಸ ಗುರಿಗಿಂತ ಸುಮಾರು 200 ಕಿ.ಮೀ. ಮೊದಲೇ ಶುರುವಾಗುತ್ತದೆ. ಕಿವಿ ಗುಂಯ್‌ಗುಟ್ಟಿತು. ನಮ್ಮ ದೇವನಹಳ್ಳಿ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಬಾಬತ್‌ಪುರ ನೂರು ಮೀಟರೂ ಇಲ್ಲ. ಹತ್ತಿದ್ದಕ್ಕಿಂತ ಎಂಟುನೂರು ಮೀಟರ್ ಹೆಚ್ಚಿಗೆ ಇಳಿಯಬೇಕು.

ನೆಲ ಮುಟ್ಟಿದಾಗ ಹನ್ನೆರಡು ಐವತ್ತೈದು. ಎರಡು ಗಂಟೆ ಐದು ನಿಮಿಷ. ಗಂಟೆಗೆ 700 ಕಿ.ಮೀ. ಸರಾಸರಿ ಅಂತ ಮಾವ ಬಾಯಲ್ಲೇ ಭಾಗಿಸಿದರು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ವಿಮಾನ ಹಾರುವಷ್ಟು ಎತ್ತರದಲ್ಲಿ, ಪಶ್ಚಿಮದಿಂದ ಜೋರು ಗಾಳಿ ಬೀಸುತ್ತಿರುತ್ತದೆ. ಈಶಾನ್ಯಕ್ಕೆ ಹೋಗುವ ನಮಗೆ ಅದು ಬೆನ್ನಿಗೆ ಒಂದಿಷ್ಟು ಆಸರೆ, ವಾಪಸ್ಸು ಬರುವ ವಿಮಾನಕ್ಕೆ ಅದೇ ಅಡ್ಡಿ. ಒಂದೇ ದೂರ, ಹೋಗುವ ಹೊತ್ತು ಬೇರೆ, ಬರುವ ಹೊತ್ತು ಬೇರೆ.

ಬಾಬತ್‌ಪುರದಿಂದ ಊರು 25 ಕಿ.ಮೀ. ಗೊದೌಲಿಯಾ ಹತ್ತಿರ ಬಂದ ಮೇಲೆ ಕಾರು ಮುಂದೆ ಹೋಗುವುದಿಲ್ಲ. ಬ್ಯಾಟರಿ ರಿಕ್ಷಾ, ಆಮೇಲೆ ನಡಿಗೆ, ಎರಡು ಹಸು, ಒಂದು ಮೆರವಣಿಗೆ. ತಂಗುವ ಕೋಣೆಯ ಬಾಗಿಲು ತೆಗೆದಾಗ ಮೂರು ಗಂಟೆ. ಮಾವನವರು ಮಂಚದ ಮೇಲೆ ಕೂತು ಬೂಟು ಬಿಚ್ಚುವ ಮೊದಲೇ ಹೇಳಿದರು: ಮನೆಯಿಂದ ಕೋಣೆಗೆ ಎಂಟೂ ಮುಕ್ಕಾಲು ಗಂಟೆ. ಅದರಲ್ಲಿ ಗಾಳಿಯಲ್ಲಿದ್ದದ್ದು ಕಾಲು ಭಾಗವೂ ಅಲ್ಲ. ಒಟ್ಟು ದೂರವನ್ನು ಒಟ್ಟು ಹೊತ್ತಿನಿಂದ ಭಾಗಿಸಿದರೆ ಗಂಟೆಗೆ 175 ಕಿ.ಮೀ.

"830 ಅಂದಿದ್ದರಲ್ಲ ಪೈಲಟ್ಟು?" ಅಂದರು ಅತ್ತೆ.

"ಅದು ಅವರ ವೇಗ. 175 ನಮ್ಮದು."

ಸಂಜೆ ದಶಾಶ್ವಮೇಧ ಘಾಟಿಗೆ ಹೋದೆವು. ಐದು ಗಂಟೆ ಹತ್ತು ನಿಮಿಷಕ್ಕೆ ಬೆಳಕು ಕರಗತೊಡಗಿತು. ಅದೇ ಹೊತ್ತಿಗೆ ಗಂಡನ ವಿಡಿಯೊ ಕರೆ. ಅವರ ಹಿಂದೆ ನಮ್ಮ ಬಾಲ್ಕನಿಯ ಬಟ್ಟೆಗಳ ಮೇಲೆ ಹಳದಿ ಬಿಸಿಲು. "ಇಲ್ಲಿ ಇನ್ನೂ ಸೂರ್ಯ ಇದ್ದಾನಮ್ಮ!" ಅಂದರು. ಅತ್ತೆ ಫೋನನ್ನೂ ಆಕಾಶವನ್ನೂ ನೋಡಿದರು.

ಮಾವನವರಿಗೆ ಬೇಕಿದ್ದದ್ದೇ ಇದು. ಬೆಂಗಳೂರಿಗಿಂತ ಕಾಶಿ ಐದೂವರೆ ಡಿಗ್ರಿಯಷ್ಟು ಪೂರ್ವಕ್ಕಿದೆ. ಒಂದು ಡಿಗ್ರಿಗೆ ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ಹಾಗಾಗಿ ಇಲ್ಲಿ ಅವನು ಸುಮಾರು ಇಪ್ಪತ್ತೆರಡು ನಿಮಿಷ ಮುಂದಿದ್ದಾನೆ. ಜೊತೆಗೆ ಉತ್ತರಕ್ಕೆ ಬಂದದ್ದರಿಂದ ಚಳಿಗಾಲದ ಹಗಲು ಚಿಕ್ಕದು. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ನಿಮಿಷ ಕತ್ತರಿಸಿಹೋಗಿದೆ. ಎರಡನ್ನೂ ಕೂಡಿಸಿದರೆ ಸೂರ್ಯಾಸ್ತ ಮುಕ್ಕಾಲು ಗಂಟೆಯಷ್ಟು ಬೇಗ. ಆದರೆ ಬೆಳಿಗ್ಗೆ? ಒಂದು ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಹಿಂದಕ್ಕೆ. "ನಾಳೆ ನೋಡ್ತಿರು, ಸೂರ್ಯ ಹುಟ್ಟೋದು ಎರಡೂ ಊರಲ್ಲಿ ಒಂದೇ ಹೊತ್ತಿಗೆ."

ಆರತಿಯ ಗಂಟೆಗಳು ಶುರುವಾಗಿ ಲೆಕ್ಕ ಅಲ್ಲಿಗೇ ನಿಂತಿತು. ಅತ್ತೆಗೆ ಸಮಾಧಾನವಾಯಿತು.

ಎರಡನೇ ದಿನ: ಗೋಡೆಯ ಓರೆ

ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ, ಗಂಗೆಯ ಆಚೆ ದಡದ ಮರಳಿನ ಮೇಲೆ, ಮಂಜಿನೊಳಗಿಂದ ಕೆಂಪಗೆ ಬಂದ. ನಾನು ಗಂಡನಿಗೆ ಸಂದೇಶ ಕಳಿಸಿದೆ. ಅವರಿಂದ ಉತ್ತರ ಬಂದದ್ದು ಎಂಟಕ್ಕೆ. ಭಾನುವಾರ ಆರೂಕಾಲಿಗೆ ಬೆಂಗಳೂರಿನಲ್ಲಿ ಎದ್ದಿರುವವರು ಯಾರು? ಪಂಚಾಂಗದ ಆ್ಯಪ್ ನೋಡಿದೆವು. ಒಂದು ನಿಮಿಷ ಆಚೀಚೆ, ಅಷ್ಟೆ.

ಕಾಶಿಯಲ್ಲಿ ಗಂಗೆ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತಾಳೆ, ಘಾಟ್‌ಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಹೀಗಾಗಿ ಮುಳುಗು ಹಾಕುವವನ ಎದುರಿಗೇ ಸೂರ್ಯ. ಅತ್ತೆ ಮೂರು ಮುಳುಗು ಹಾಕಿದರು, ಏಳು ನದಿಗಳನ್ನೂ ಕರೆದರು. ಒಬ್ಬಳು ಆಗಲೇ ಅಲ್ಲಿದ್ದಳು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದರೂ ಒಂದು ಹೆಸರನ್ನೂ ಬಿಡಲಿಲ್ಲ.

ವಿಶ್ವನಾಥನ ದರ್ಶನದ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಈಗಿರುವ ಗುಡಿ ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಿದ್ದು, 2021ರ ಡಿಸೆಂಬರಿನಲ್ಲಿ ಅದರ ಸುತ್ತಲಿನ ವಿಶಾಲ ಅಂಗಳ ತೆರೆದ ಮೇಲೆ ಘಾಟಿನಿಂದಲೇ ಮೆಟ್ಟಿಲು ಹತ್ತಿ ಒಳಗೆ ಬರಬಹುದು. ಸಾಲು ಉದ್ದವಿತ್ತು, ದರ್ಶನ ಚಿಕ್ಕದಿತ್ತು, ಅತ್ತೆ ಅತ್ತರು. ಅದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಬಾರದು.

ನಾನು ಹೇಳಬೇಕಿರುವುದು ಮಾನಮಂದಿರ ಘಾಟಿನ ಬಗ್ಗೆ. ದಶಾಶ್ವಮೇಧದ ಮಗ್ಗುಲಲ್ಲೇ ಇದೆ, ಕೆತ್ತನೆಯ ಕಿಟಕಿಗಳಿರುವ ಹಳೆಯ ಅರಮನೆ, ಆದರೂ ನಮ್ಮ ಕಡೆಯ ಯಾತ್ರಿಕರು ಅದನ್ನು ಹೊರಗಿನಿಂದ ನೋಡಿ ಮುಂದೆ ಹೋಗುತ್ತಾರೆ. ಅದರ ಮಹಡಿಯ ಮೇಲೆ ಜೈಪುರದ ಸವಾಯಿ ಜೈಸಿಂಗ್ ಹದಿನೆಂಟನೇ ಶತಮಾನದಲ್ಲಿ ಕಟ್ಟಿಸಿದ ಖಗೋಳ ವೀಕ್ಷಣಾಲಯವಿದೆ. ದೆಹಲಿ, ಜೈಪುರಗಳ ಜಂತರ್‌ಮಂತರ್‌ಗಿಂತ ಚಿಕ್ಕದು. ಇಲ್ಲಿ ಜನ ಕಡಿಮೆ, ನಿಧಾನವಾಗಿ ನೋಡಬಹುದು, ಕೆಳಗೆ ನದಿ.

ಅಲ್ಲಿ ಸಾಮ್ರಾಟ್ ಯಂತ್ರ ಅಂತ ಒಂದು. ಕಲ್ಲುಗಾರೆಯ ಓರೆ ಗೋಡೆ, ಎರಡೂ ಪಕ್ಕ ಬಾಗಿದ ಕಮಾನು, ಕಮಾನಿನ ಮೇಲೆ ಗೀಟುಗಳು. ಗೋಡೆಯ ನೆರಳು ಯಾವ ಗೀಟಿನ ಮೇಲೆ ಬಿದ್ದಿದೆ ನೋಡಿ ಹೊತ್ತು ಹೇಳಬೇಕು. ಮಾವನವರು ಗೋಡೆಯ ಬುಡದಲ್ಲಿ ಕೂತು ಅದರ ಓರೆಯನ್ನೇ ಬಹಳ ಹೊತ್ತು ನೋಡಿದರು.

"ಈ ಗೋಡೆ ಎಷ್ಟು ಓರೆಯಿದೆ ಗೊತ್ತಾ? ಇಪ್ಪತ್ತೈದು ಡಿಗ್ರಿ ಚಿಲ್ಲರೆ. ಯಾಕೆ ಹೇಳು?"

ನಾನು ವಿದ್ಯಾರ್ಥಿನಿಯಾದೆ. "ಕಾಶಿಯ ಅಕ್ಷಾಂಶ ಇಪ್ಪತ್ತೈದು."

"ಹ್ಞೂಂ. ಇದರ ಮೇಲಂಚು ಧ್ರುವ ನಕ್ಷತ್ರದ ಕಡೆ ನೋಡಬೇಕು. ಯಾವ ಊರಿನ ಅಕ್ಷಾಂಶ ಎಷ್ಟೋ, ಧ್ರುವ ಅಷ್ಟೇ ಎತ್ತರದಲ್ಲಿ ಕಾಣ್ತಾನೆ. ಇದೇ ಯಂತ್ರ ನಮ್ಮ ಬನಶಂಕರೀಲಿ ಕಟ್ಟಿದ್ರೆ ಹದಿಮೂರು ಡಿಗ್ರಿ ಓರೆ ಸಾಕು, ಹೆಚ್ಚುಕಮ್ಮಿ ಮಲಗಿಬಿಟ್ಟಿರುತ್ತೆ. ಇಪ್ಪತ್ತೈದರಲ್ಲಿ ಹದಿಮೂರು ಕಳಿ."

ಹನ್ನೆರಡು ಚಿಲ್ಲರೆ. ಕ್ಯಾಲೆಂಡರ್ ಹಾಳೆಯ ಹಿಂದೆ 111ರಿಂದ ಗುಣಿಸಿದ್ದ ಅದೇ ಅಂಕಿ. ಎರಡು ಗಂಟೆ ಮೋಡದ ಮೇಲೆ ಕೂತು ಬಂದ ದೂರ ಈ ಗೋಡೆಯ ಓರೆಯಲ್ಲಿ ಇತ್ತು. ವಿಮಾನದಲ್ಲಿ ನನಗೆ ಹೊಳೆಯದ ಸಂಗತಿ, ಬಿಸಿಲಿನಲ್ಲಿ ಒಂದು ಗೋಡೆಯ ಪಕ್ಕ ನಿಂತಾಗ ತಲೆಗೆ ಹೋಯಿತು.

ನೆರಳು ನಡು ಹಗಲು ತೋರಿಸುವವರೆಗೂ ಮಾವನವರು ಕದಲಲಿಲ್ಲ. ಯಂತ್ರದ ಲೆಕ್ಕದಲ್ಲಿ ಹನ್ನೆರಡಾದಾಗ ಅವರ ಕೈಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಯಂತ್ರ ಕೆಟ್ಟಿಲ್ಲ, ಗಡಿಯಾರವೂ ಕೆಟ್ಟಿಲ್ಲ. ನಮ್ಮೆಲ್ಲರ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಪ್ರಕಾರ, 1906ರ ಜನವರಿ 1ರಿಂದ. ಆ ರೇಖೆ ಹಾದುಹೋಗುವುದು ಮಿರ್ಜಾಪುರದ ಹತ್ತಿರ, ಕಾಶಿಯಿಂದ ಸುಮಾರು 50 ಕಿ.ಮೀ. ಪಶ್ಚಿಮಕ್ಕೆ. ಅದರಿಂದ ಎರಡು ನಿಮಿಷ. ಉಳಿದದ್ದು ಸೂರ್ಯನದೇ: ವರ್ಷದ ಈ ದಿನಗಳಲ್ಲಿ ಅವನು ಗಡಿಯಾರಕ್ಕಿಂತ ಹದಿಮೂರು ನಿಮಿಷದಷ್ಟು ಮುಂದೆ ಓಡುತ್ತಿರುತ್ತಾನೆ. ಅಂದರೆ ಇಡೀ ದೇಶದ ಹೊತ್ತು ಹೆಚ್ಚುಕಡಿಮೆ ಕಾಶಿಯ ಹೊತ್ತು. ಬೆಂಗಳೂರಿನವರು ನಾವು ಇಪ್ಪತ್ತು ನಿಮಿಷ ಆಚೆಯ ಮಿರ್ಜಾಪುರದ ಗಡಿಯಾರ ಕಟ್ಟಿಕೊಂಡು ಆಫೀಸಿಗೆ ಹೋಗುತ್ತೇವೆ. ತಡವಾದಾಗ ಹೇಳಿಕೊಳ್ಳಲು ಒಳ್ಳೆಯ ಕಾರಣ.

ಅತ್ತೆ ಅಷ್ಟರಲ್ಲಿ ಕಾವಲುಗಾರನ ಹೆಂಡತಿಯ ಜೊತೆ ಸನ್ನೆಯಲ್ಲಿ ಮಾತಾಡಿ ಎಲ್ಲಿ ಒಳ್ಳೆಯ ಬನಾರಸಿ ಸೀರೆ ಸಿಗುತ್ತದೆ ಅಂತ ತಿಳಿದುಕೊಂಡಿದ್ದರು.

ಮೂರನೇ ದಿನ

ಬೆಳಿಗ್ಗೆ ಸಾರನಾಥ. ಮಧ್ಯಾಹ್ನ ಹನುಮಾನ್ ಘಾಟ್ ಕಡೆ ಇಡ್ಲಿ, ಕಾಫಿ. ಆ ಓಣಿಗಳಲ್ಲಿ ದಕ್ಷಿಣದವರದೇ ವಾಸ. ಪಕ್ಕದಲ್ಲೇ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್ ಇದೆ, ಈಗ ಕರ್ನಾಟಕ ಘಾಟ್ ಅನ್ನುತ್ತಾರೆ. ಅಲ್ಲಿನ ಮೆಟ್ಟಿಲ ಮೇಲೆ ಕೂತಾಗ ದೋಣಿಯವನೊಬ್ಬ "ಬನ್ನಿ ಅಮ್ಮ, ಬನ್ನಿ, ಕಡಿಮೆ ರೇಟು" ಅಂತ ಕನ್ನಡದಲ್ಲೇ ಕರೆದ. ಅವನಿಗೆ ಬರುವ ಕನ್ನಡ ಅಷ್ಟೇ, ಆದರೆ ವ್ಯಾಪಾರಕ್ಕೆ ಅದು ಸಾಕಾಯಿತು.

ಬೆಸುಗೆ ಹಾಕಿದ ತಾಮ್ರದ ಗಿಂಡಿಗಳನ್ನು ಅತ್ತೆ ಬಂಧುಬಳಗಕ್ಕೆಲ್ಲ ತೆಗೆದುಕೊಂಡರು. ರೈಲಿನಲ್ಲಿ ಹೋಗುವುದಕ್ಕೆ ಅವರಿಗೆ ಮೊದಲ ಬಾರಿ ಒಂದು ಉಪಯೋಗ ಕಂಡಿತು: ತೂಕ ಮಾಡುವವರಿಲ್ಲ.

ರಾತ್ರಿ ಊಟ ಮುಗಿಸಿ ಆಟೋದಲ್ಲಿ ಮಾಳವೀಯ ಸೇತುವೆ ದಾಟಿದೆವು. 1887ರ ಸೇತುವೆ, ಕೆಳಗೆ ರೈಲು, ಮೇಲೆ ರಸ್ತೆ. ಆಚೆ ದಡದಲ್ಲಿ, ಹದಿನೈದು ಕಿ.ಮೀ. ಚಿಲ್ಲರೆ ದೂರದಲ್ಲಿ, ಹಳಬರೆಲ್ಲ ಇನ್ನೂ ಮೊಘಲ್‌ಸರಾಯ್ ಅನ್ನುವ ಜಂಕ್ಷನ್. 2018ರಿಂದ ಅದರ ಹೆಸರು ಪಂಡಿತ್ ದೀನ್ ದಯಾಳ್ ಉಪಾಧ್ಯಾಯ. ಬಿಹಾರದ ದಾನಾಪುರದಿಂದ ಬೆಂಗಳೂರಿಗೆ ಬರುವ ಸಂಘಮಿತ್ರಾ ಎಕ್ಸ್‌ಪ್ರೆಸ್ ಸಿಗುವುದು ಅಲ್ಲಿ.

ರೈಲಿನಲ್ಲಿ

ಈ ರೈಲು ಅಟ್ಲಾಸಿನ ಪೆನ್ಸಿಲ್ ಗೆರೆಯನ್ನು ಕಂಡದ್ದೇ ಇಲ್ಲ. ಮೊದಲು ಪಶ್ಚಿಮಕ್ಕೆ ಪ್ರಯಾಗರಾಜದ ಕಡೆ, ಅಲ್ಲಿಂದ ಸತ್ನಾ, ಜಬಲ್‌ಪುರ, ಇನ್ನೂ ಪಶ್ಚಿಮಕ್ಕೆ ಇಟಾರ್ಸಿ. ಅಲ್ಲಿ ದಕ್ಷಿಣಕ್ಕೆ ತಿರುಗಿ ನಾಗಪುರ, ಬಲ್ಲಾರಶಾ, ವಾರಂಗಲ್. ಮತ್ತೆ ಪೂರ್ವಕ್ಕೆ ಬಾಗಿ ವಿಜಯವಾಡ, ಕರಾವಳಿ ಹಿಡಿದು ಚೆನ್ನೈ. ಕೊನೆಗೆ ಪಶ್ಚಿಮಕ್ಕೆ ಬೆಂಗಳೂರು. ಒಟ್ಟು ಸುಮಾರು 2,500 ಕಿ.ಮೀ. ವಿಮಾನದ ದೂರಕ್ಕಿಂತ ಸಾವಿರ ಹೆಚ್ಚು. ಹಳಿ ಹಾಕಿದವರಿಗೆ ಬೆಂಗಳೂರಿನವರನ್ನು ಕಾಶಿಗೆ ಕರೆದೊಯ್ಯುವ ಉದ್ದೇಶವೇನೂ ಇರಲಿಲ್ಲವಲ್ಲ.

ಎಚ್ಚರವಾದಾಗ ಜಬಲ್‌ಪುರ. ಅದಾದ ಸ್ವಲ್ಪ ಹೊತ್ತಿಗೆ ರೈಲಿನ ಸದ್ದು ಬದಲಾಯಿತು, ಕೆಳಗೆ ಸೇತುವೆ. ಮಾವನವರು ಅತ್ತೆಯ ಹೆಗಲು ಅಲುಗಿಸಿ, "ಏಳು, ನರ್ಮದೆ" ಅಂದರು. ಆಕಾಶದಿಂದ ಕಾಣದವಳು ಈಗ ಅಗಲವಾಗಿ, ಹಸಿರಾಗಿ, ಕಂಬಿಗಳ ನಡುವೆ ತುಂಡುತುಂಡಾಗಿ ಓಡಿದಳು. ಅತ್ತೆ ಪರ್ಸಿನಿಂದ ಒಂದು ರೂಪಾಯಿ ತೆಗೆದು ಎಸೆಯುವಷ್ಟರಲ್ಲಿ ಸೇತುವೆ ಮುಗಿದಿತ್ತು. ಎಸಿ ಬೋಗಿಯ ಕಿಟಕಿ ತೆರೆಯುವುದೂ ಇಲ್ಲ. ನಾಣ್ಯ ಪರ್ಸಿಗೆ ವಾಪಸ್ಸು.

ಇಟಾರ್ಸಿಯಿಂದ ಕೆಳಗೆ ಸಾತ್ಪುರದ ಬೆಟ್ಟಗಳು, ತೇಗ, ಸುರಂಗ. ನಾಗಪುರದಲ್ಲಿ ಕಿತ್ತಳೆ, ಬುಟ್ಟಿಗಟ್ಟಲೆ. ಎದುರಿನ ಸೀಟಿನಲ್ಲಿ ದಾನಾಪುರದಿಂದ ಹತ್ತಿದ ಹುಡುಗ, ವೈಟ್‌ಫೀಲ್ಡಿನಲ್ಲಿ ಬಡಗಿ ಕೆಲಸ. ವಿಮಾನದಲ್ಲಿ ಯಾಕೆ ಬರಲಿಲ್ಲ ಅಂತ ನಾವು ಕೇಳಲಿಲ್ಲ. ನೀವು ಯಾಕೆ ವಿಮಾನ ಬಿಟ್ಟು ಬಂದಿರಿ ಅಂತ ಅವನೇ ಕೇಳಿದ. ಮಾವನವರು ತಮಗೆ ಗೊತ್ತಿರುವ ಹಿಂದಿಯಲ್ಲಿ "ದೇಖನೇ ಕೇ ಲಿಯೇ" ಅಂದರು. ಅವನಿಗೆ ಆ ಉತ್ತರ ರುಚಿಸಲಿಲ್ಲ ಅಂತ ಮುಖದಲ್ಲೇ ಕಾಣಿಸಿತು. ವರ್ಷಕ್ಕೆ ಒಂದೆರಡು ಸಲ ಈ ಹಳಿಯ ಮೇಲೆ ಅವನು ಬಂದೇ ಬರಬೇಕು. ಅವನಿಗೆ ಇದು ಪ್ರವಾಸವಲ್ಲ.

ಗೋದಾವರಿ ಬಂದಾಗ ಕತ್ತಲಾಗಿತ್ತು. ಸೇತುವೆಯ ಸದ್ದಿನಿಂದಲೇ ಗುರುತು ಹಿಡಿದು ಕೈಮುಗಿದೆವು. ಕೃಷ್ಣೆ ನಡುರಾತ್ರಿ, ಯಾರೂ ಏಳಲಿಲ್ಲ. ನೆಲ್ಲೂರಿನ ಪೆನ್ನೆಯೂ ಹಾಗೇ ದಾಟಿಹೋಯಿತು. ವಿಮಾನದಲ್ಲಿ ಕೃಷ್ಣೆಗೂ ಗೋದಾವರಿಗೂ ನಡುವೆ ಇದ್ದ ಆ ಇಪ್ಪತ್ತೈದು ನಿಮಿಷ ಇಲ್ಲಿ ಅರ್ಧ ರಾತ್ರಿಯಾಗಿತ್ತು.

ಎರಡನೇ ಹಗಲು ಉದ್ದವಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಸೊಂಟ ಹಿಡಿದಿತ್ತು, ಬೋಗಿಯ ಶೌಚಾಲಯದ ವಿಷಯ ಬರೆಯದಿರುವುದೇ ಲೇಸು, ಕಿತ್ತಳೆ ಮುಗಿದಿತ್ತು. ಕಾಟ್ಪಾಡಿ, ಜೋಲಾರಪೇಟೆ ದಾಟಿ ರೈಲು ಘಟ್ಟ ಹತ್ತತೊಡಗಿದಾಗ ಗಾಳಿ ತಣ್ಣಗಾಯಿತು. ಬಂಗಾರಪೇಟೆಯಲ್ಲಿ ಬೋರ್ಡಿನ ಮೇಲೆ ಕನ್ನಡ ಕಂಡು ಅತ್ತೆ ಜೋರಾಗಿ ಓದಿದರು.

ಕೆ.ಆರ್. ಪುರದಲ್ಲಿ ಇಳಿದಾಗ ಸಂಜೆ. ರೈಲಿನಲ್ಲೇ ಸುಮಾರು ನಲವತ್ತೆರಡು ಗಂಟೆ, ಗಂಟೆಗೆ ಅರವತ್ತು ಕಿ.ಮೀ. ಸರಾಸರಿ. ನಿಲ್ದಾಣದ ಪಕ್ಕದಲ್ಲೇ ಮೆಟ್ರೊ ಇರುವುದು ಪುಣ್ಯ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಬದಲಾಯಿಸಿ ಹಸಿರು ಮಾರ್ಗದಲ್ಲಿ ಬನಶಂಕರಿ. ಸಿಲ್ಕ್ ಬೋರ್ಡ್ ಕಡೆಯಿಂದ ಕ್ಯಾಬಿನಲ್ಲಿ ಬಂದಿದ್ದರೆ ಆ ಹೊತ್ತಿನಲ್ಲಿ ಎಷ್ಟಾಗುತ್ತಿತ್ತೋ, ಆ ಲೆಕ್ಕ ಮಾವನವರೂ ಮಾಡಲಿಲ್ಲ.

ಇನ್ನೊಮ್ಮೆ ಕಾಶಿಗೆ ಹೋದರೆ ನಾನು ಎರಡೂ ಕಡೆ ವಿಮಾನವನ್ನೇ ಹಿಡಿಯುತ್ತೇನೆ, ಇಂಥ ನವೆಂಬರಿನಲ್ಲೇ. ಡಿಸೆಂಬರ್ ಕೊನೆಯಿಂದ ಜನವರಿಯ ತನಕ ಗಂಗೆಯ ಬಯಲಿನಲ್ಲಿ ಮಂಜು ಕವಿಯುತ್ತದೆ. ಬೆಳಗಿನ ವಿಮಾನಗಳು ತಡವಾಗುತ್ತವೆ, ರೈಲುಗಳೂ. ಆಗ ಟಿಕೆಟ್ಟಿನಲ್ಲಿ ಬರೆದ ಎರಡು ಗಂಟೆ ಇಪ್ಪತ್ತೈದು ನಿಮಿಷವನ್ನು ನಂಬಿ ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬಾರದು.

ಮಾವನವರು ಮೆಟ್ರೊದಲ್ಲೇ ಮುಂದಿನ ಮಾತು ಎತ್ತಿದ್ದರು. ಕಾಶಿಯ ಗಂಗೆಯನ್ನು ರಾಮೇಶ್ವರಕ್ಕೆ ಒಯ್ದು ಅಭಿಷೇಕ ಮಾಡಿಸಿದರೇ ಯಾತ್ರೆ ಪೂರ್ತಿಯಾಗುವುದು. ರಾಮೇಶ್ವರದಲ್ಲಿ ವಿಮಾನ ನಿಲ್ದಾಣವಿಲ್ಲ. ಮಧುರೈವರೆಗೆ ಹಾರಿದರೆ 375 ಕಿ.ಮೀ. ಆಸುಪಾಸು, ಅಲ್ಲಿಂದ ರಸ್ತೆಯಲ್ಲಿ ಇನ್ನೂ 170. "ಮನೆಯಿಂದ ದೇವನಹಳ್ಳಿಗೆ ಹೋಗಿ ಕಾಯೋ ಹೊತ್ತಿಗೆ, ಬನಶಂಕರೀಲೇ ಕಾರು ಹತ್ತಿದ್ರೆ ಸೇಲಂ ಹತ್ತಿರ ಇರ್ತೀವಿ" ಅಂದರು, ಟಿಕೆಟ್ಟಿನ ಹಿಂದೆ ಗೀಚುತ್ತಾ.

"ರಾಮೇಶ್ವರಕ್ಕೆ ನಾನು ಬರಬೇಕಾದ್ರೆ ಹೋಗೋದೂ ನನ್ನಿಷ್ಟ, ಬರೋದೂ ನನ್ನಿಷ್ಟ" ಅಂದರು ಅತ್ತೆ. ಗಿಂಡಿಗಳ ಚೀಲವನ್ನು ಮಾವನವರ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದರು.